ಬಿಜಲಿಯ ಕುಬಸ

ಬಿಜಲಿಯನ್ನು ಹೆರಿಗೆಗೆಂದು ಬೀದರಿಗೆ ಹೊರಡಿಸಿದ್ದು ನಮ್ಮತ್ತೆ ಸುಂದರಬಾಯಿ. ಬಸ್ಸು ಮಾತ್ರ ನನ್ನದು.

ಬಿಜಲಿ ಅಂದರೆ ನಾಯಿ. ಜಾತಿ ನಾಯಿಯೇನಲ್ಲ, ಔರಾದ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕ ಕಂದು ಬಣ್ಣದ ನಾಡನಾಯಿ. ಅವತ್ತು ಅವಳ ಕೊರಳಿಗೆ ಹಸಿರು ಖಣ ಕಟ್ಟಿತ್ತು, ಹಣೆಗೆ ಅರಿಷಿಣ ಕುಂಕುಮ ಹಚ್ಚಿತ್ತು. ಅತ್ತೆಯ ಕೈಯಲ್ಲಿ ಅಂಟಿನುಂಡಿಯ ಡಬ್ಬಿ. ನಾನು ಭಾಲ್ಕಿ ಡಿಪೊದ ಕಂಡಕ್ಟರ್, ಸೀರೆಯ ಮೇಲೆ ಖಾಕಿ ಕೋಟು ಹಾಕಿಕೊಂಡೇ ಇದ್ದೆ. ಬಸ್ಸು ಬೀದರಿನಲ್ಲಿ ಊಟಕ್ಕೆ ನಿಲ್ಲುತ್ತದೆ. ಅಷ್ಟರೊಳಗೆ ಈ ಕೆಲಸ ಮುಗಿಸಿ ಔರಾದ ಟ್ರಿಪ್ಪಿಗೆ ಹತ್ತಬೇಕಿತ್ತು.

ನಾಯಿ ಡಾಕ್ಟರ ಕ್ಲಿನಿಕ್ಕು ಬಸ್‌ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ, ಒಂದು ಟೈಲರ್ ಅಂಗಡಿಯ ಪಕ್ಕದಲ್ಲಿತ್ತು. ಡಾಕ್ಟರ ಹೆಸರು ಸಂಘಪಾಲ. ಸಣ್ಣಗೆ ಎತ್ತರದ ಮನುಷ್ಯ, ಅಂಗಿಯ ತೋಳು ಮೇಲಕ್ಕೆ ಮಡಚಿದ್ದ. ಬಿಜಲಿಯನ್ನು ಮೇಜಿನ ಮೇಲೆ ಎತ್ತಿ ನಿಲ್ಲಿಸಿದ್ದೇ ತಡ, ಅತ್ತೆ ಶುರು ಮಾಡಿದಳು.

“ಚೊಚ್ಚಲ ಹೆರಿಗಿ ಅದರಿ ಸಾಹೇಬ್ರ. ನಿನ್ನಿ ಕುಬಸ ಮಾಡೀವಿ. ಜರಾ ಹೊಟ್ಟಿ ನೋಡಿ ಎಷ್ಟು ಮರಿ ಅವ ಹೇಳ್ರಿ.”

ಆತ ನಗುತ್ತಾನೆಂದು ನಾನು ಕಾದೆ. ನಕ್ಕಿದ್ದರೆ ನಾಲ್ಕು ಮಾತು ಬೈದು ಎದ್ದು ಬರುತ್ತಿದ್ದೆ. ಆತ ನಗಲಿಲ್ಲ. ಖಣದ ಗಂಟನ್ನು ಮೆಲ್ಲಗೆ ಬಿಚ್ಚಿದ, ನಾಲ್ಕು ಮಡಿಕೆ ಮಾಡಿ ಅತ್ತೆಯ ಕೈಗೆ ಕೊಟ್ಟ. “ಭಾಳ ಛಂದ ಅದರಿ. ಹೊಲಸಾಗಬಾರದು, ಹಿಡ್ಕೋರಿ,” ಅಂದ. ಆಮೇಲೆ ಬಿಜಲಿಯ ಹೊಟ್ಟೆಗೆ ಎರಡೂ ಕೈ ಹಾಕಿದ. ಕಣ್ಣು ಎದುರಿನ ಗೋಡೆಯ ಮೇಲಿತ್ತು, ಬೆರಳು ಮಾತ್ರ ಒಳಗೊಳಗೇ ಏನನ್ನೋ ಹುಡುಕುತ್ತಿದ್ದವು.

“ಅವ್ವಾ, ಮರಿ ಇಲ್ರಿ.”

“ಇಲ್ಲಂದ್ರ ಹ್ಯಾಂಗ? ಹಾಲಿಳಿದದ. ಮೂಲ್ಯಾಗ ಗೋಣಿಚೀಲ ಹರಕೊಂಡು ಹಾಸಿಗಿ ಮಾಡ್ಕೊಂಡಾಳ.”

“ಅದು ಸುಳ್ಳು ಗಬ್ಬ ರೀ. ಬೆದಿ ಮುಗಿದ ಮ್ಯಾಲ ಹೆಣ್ಣು ನಾಯಿಗೋಳಿಗಿ ಒಮ್ಮೊಮ್ಮಿ ಹಂಗಾಗ್ತದ. ಮೈ ತನಗ ತಾನೇ ಮೋಸ ಮಾಡ್ಕೊಂತದ. ಅದು ತಾನೇ ಇಳಿದು ಹೋಗ್ತದ, ಅದರದೇನು ಫಿಕರ್ ಇಲ್ಲ. ಆದ್ರ ಈ ಹಿಂದಿನ ಮೊಲಿಯಾಗ ಗಂಟದ. ಅದು ಹಾಲಿಂದಲ್ಲ.”

ಅತ್ತೆ ಉಂಡಿಯ ಡಬ್ಬಿಯ ಮುಚ್ಚಳ ಬಿಗಿ ಮಾಡಿದಳು. ಆತ ನನ್ನ ಕಡೆ ತಿರುಗಿದ.

“ಯಾವಾಗಿಂದ ಅದರಿ ಇದು?”

“ಗೊತ್ತಿಲ್ಲ.”

“ಮೈಮ್ಯಾಲ ಕೈಯಾಡಿಸಿದ್ರ ತಿಳೀತಿತ್ತಲ್ರಿ.”

“ದಿನಾ ಅರ್ಧ ಜಿಲ್ಲಾದ ಮಂದಿ ಕೈ ಮುಟ್ತೇನಿ ಸಾಹೇಬ್ರ. ಮನಿಗಿ ಹೋಗಿ ನಾಯಿನೂ ಮುಟ್ಟು ಅಂದ್ರ ನನಗ ಆಗಂಗಿಲ್ಲ,” ಅಂದೆ.

ಜೋರಾಗಿಯೇ ಅಂದೆ. ಬಸ್ಸಿನಲ್ಲಿ ಮಾತಾಡಿ ಮಾತಾಡಿ ನನ್ನ ದನಿ ಹಾಗೇ ಆಗಿದೆ. ಆತ ಕಣ್ಣೆತ್ತಿ ನೋಡಿದ. ಸಿಟ್ಟಿಲ್ಲದ, ಅವಸರವಿಲ್ಲದ ನೋಟ. ಮನುಷ್ಯರನ್ನು ಹಾಗೆ ನೋಡುವವರು ಈಗ ಕಮ್ಮಿ.

“ಒಂದ್ಸಲ ಮುಟ್ರಿ,” ಅಂದ. “ನಾ ತೋರಸ್ತೇನಿ.”

ಆತ ನನ್ನ ಕೈ ಹಿಡಿಯಲಿಲ್ಲ. ತನ್ನ ಬೆರಳು ಬಿಜಲಿಯ ಗದ್ದದ ಕೆಳಗಿಟ್ಟ, ನಾನು ಅದರ ಹಿಂದೆ ನನ್ನ ಬೆರಳಿಟ್ಟೆ. ಆತನ ಕೈ ಮುಂದೆ, ನನ್ನದು ಹಿಂದೆ. ಗದ್ದ, ಕಿವಿಯ ಹಿಂದೆ, ಕೊರಳು, ಮುಂಗಾಲಿನ ಕಂಕುಳು, ಪಕ್ಕೆಲುಬು, ಹೊಟ್ಟೆಯ ಎರಡೂ ಸಾಲಿನ ಮೊಲೆ. ಹಿಂದಿನದಕ್ಕೆ ಬಂದಾಗ ಆತ ಕೈ ತೆಗೆದುಕೊಂಡ. ನನ್ನ ಬೆರಳಿನ ಕೆಳಗೆ ಒಂದು ಬೋರೆಹಣ್ಣಿನಷ್ಟು ದಪ್ಪನೆಯ ಗಟ್ಟಿ ಗಂಟಿತ್ತು. ಅದರ ಪಕ್ಕ ಕಡಲೆಕಾಳಿನಂಥ ಇನ್ನೊಂದು.

“ಹತ್ತಿತೇನ್ರಿ ಕೈಗಿ?”

“ಹೂಂ.”

“ವಯಸ್ಸಾದ ನಾಯಿಗೋಳಿಗಿ ಚರ್ಮದ ಕೆಳಗ ಮೆತ್ತನ ಗಂಟು ಬರ್ತದ, ಒತ್ತಿದ್ರ ಅತ್ತಿತ್ತ ಸರೀತದ. ಅದು ಬರೇ ಕೊಬ್ಬು, ಹೆಚ್ಚಾಗಿ ಏನೂ ಮಾಡಂಗಿಲ್ಲ. ಇದು ಗಟ್ಟಿ ಅದ. ಮೊಲಿಯಾಗಿನ ಗಂಟು ಅರ್ಧಕ್ಕರ್ಧ ಕೆಟ್ಟದ್ದೇ ಇರ್ತಾವ. ಬರೇ ಕೈಗಿ ತಿಳೆಂಗಿಲ್ಲ, ತೆಗೆದು ತಪಾಸ ಮಾಡಸ್ಬೇಕು. ಅದಕ್ಕೂ ಮೊದಲ ಎದಿ ಎಕ್ಸ್‌ರೇ ನೋಡ್ಬೇಕು. ಪುಪ್ಪುಸಕ್ಕ ಹಬ್ಬಿದ್ರ ಕೊಯ್ದು ಉಪಯೋಗಿಲ್ಲ.”

ಅತ್ತೆ ಕೂತಲ್ಲೇ ಅಳತೊಡಗಿದಳು. ನಾನು ಗಡಿಯಾರ ನೋಡಿದೆ. ಔರಾದ ಬಸ್ಸಿನ ಹೊತ್ತಾಗಿತ್ತು.

* * *

ಬಸುರಿಗೆ ಉಡಿ ತುಂಬುವ ಈ ಕುಬಸದ ಮಾತು ಹೇಳಲೇಬೇಕು, ಇಲ್ಲವಾದರೆ ನಮ್ಮತ್ತೆಗೆ ತಲೆ ಕೆಟ್ಟಿದೆ ಅಂದುಕೊಳ್ಳುತ್ತೀರಿ.

ಸುಂದರಬಾಯಿ ನನಗೆ ಅತ್ತೆಯಾಗುವ ಮೊದಲೇ ಅತ್ತೆ, ನಮ್ಮಪ್ಪನ ಅಕ್ಕ. ಅದಕ್ಕೇ ನಮ್ಮಿಬ್ಬರ ನಡುವೆ ರೀ-ಗೀ ಇಲ್ಲ. ಅವಳ ಮಗ ನಂದಕುಮಾರ ನನ್ನ ಗಂಡ, ಇದೇ ಡಿಪೊದಲ್ಲಿ ಡ್ರೈವರ್ ಇದ್ದ. ಎರಡು ವರ್ಷದ ಹಿಂದೆ ಒಂದು ಮುಂಜಾನೆ ಚುರುಮುರಿ ಸುಸಲಾ ತಿಂದು, ಚಾ ಬೇಕೆಂದು ಕೂಗಿದ. ನಾನು ಚಾ ಒಯ್ಯುವಷ್ಟರಲ್ಲಿ ಎದೆ ಹಿಡಿದುಕೊಂಡು ಗೋಡೆಗೆ ಒರಗಿದ್ದ. ಅಷ್ಟೇ. ಮಕ್ಕಳಿರಲಿಲ್ಲ. ಅನುಕಂಪದ ಮೇಲೆ ನೌಕರಿ ನನಗೆ ಬಂತು. ಬಿಜಲಿ ಅವನು ತಂದ ನಾಯಿ.

ಅವನ ಮಣ್ಣಿನ ದಿನ ನಾನು ಅಳಲಿಲ್ಲ. ಅಳು ತಡೆದೆ ಎಂದಲ್ಲ, ಬರಲೇ ಇಲ್ಲ. ಕಾಲು ಮಡಚಿ ಬಹಳ ಹೊತ್ತು ಕೂತರೆ ಜೋಮು ಹಿಡಿಯುತ್ತದಲ್ಲ, ನನ್ನ ಇಡೀ ಮೈಗೆ ಹಾಗೆ ಹಿಡಿಯಿತು. ಬಂಧುಗಳು ಬಾಗಿಲಲ್ಲೇ ನಿಂತು, “ಕಲ್ಲು ಅದ ನೋಡು, ಕಣ್ಣಾಗ ಒಂದು ಹನಿ ಇಲ್ಲ,” ಅಂದರು. ಅಂದುಕೊಳ್ಳಲಿ ಬಿಡು ಅನ್ನಿಸಿತು. ಅದೂ ಅನ್ನಿಸಿತೋ ಇಲ್ಲವೋ.

ಅತ್ತೆ ಮೊದಲೇ ಗಂಡ ಸತ್ತವಳು, ಈಗ ನಾನೂ. ಆಮೇಲೆ ನಮ್ಮಿಬ್ಬರನ್ನೂ ಯಾರೂ ಕುಬಸಕ್ಕೆ ಕರೆಯಲಿಲ್ಲ, ಯಾರ ಉಡಿಗೂ ನಾವು ಅಕ್ಕಿ ಹಾಕಲಿಲ್ಲ. ಓಣಿಯ ಎಲ್ಲ ಮನೆಗಳಂತೆ ನಮ್ಮ ಮನೆಯಲ್ಲೂ ಬಸವಣ್ಣನವರ ಫೋಟೊ ಇದೆ. ಬಸವ ಜಯಂತಿಗೆ ಎಲ್ಲರೂ ಕೂಡಿ ಮೆರವಣಿಗೆ ಹೋಗುತ್ತೇವೆ. ಮರುದಿನ ಅದೇ ಓಣಿಯಲ್ಲಿ ಕುಬಸ ಇದ್ದರೆ ನಮ್ಮ ಬಾಗಿಲು ದಾಟಿಕೊಂಡು ಪಕ್ಕದ ಮನೆಗೆ ಕರೆ ಹೋಗುತ್ತದೆ. ಅತ್ತೆ ಕಿಟಕಿಯಲ್ಲಿ ನಿಂತು ಹಸಿರು ಸೀರೆಗಳನ್ನು ನೋಡುತ್ತಾಳೆ.

ಹೀಗಿರುವಾಗ ಬಿಜಲಿಯ ಹೊಟ್ಟೆ ಜೋತು, ಹಾಲು ಇಳಿಯಿತು. ಅತ್ತೆಗೆ ಎಲ್ಲಿಲ್ಲದ ಸಡಗರ. ಪೆಟ್ಟಿಗೆಯಿಂದ ಹಸಿರು ಖಣ ತೆಗೆದಳು. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣ ಬೇರು ಎಲ್ಲ ಮೊರದಲ್ಲಿ ಇಟ್ಟಳು. “ನಮ್ಮನಿಯಾಗೂ ಒಬ್ಬಾಕಿ ಬಸುರಿ ಆಗ್ಯಾಳ,” ಎಂದು ಒಬ್ಬಳೇ ಹಾಡಿದಳು. ನಾನು ಬಾಗಿಲಲ್ಲಿ ನಿಂತು ನೋಡಿದೆ. ನಗು ಬರಬೇಕಿತ್ತು, ಇಲ್ಲವೇ ಸಂಕಟವಾಗಬೇಕಿತ್ತು. ಎರಡೂ ಆಗಲಿಲ್ಲ.

ಕ್ಲಿನಿಕ್ಕಿನಿಂದ ಬಂದ ಮೇಲೆ ನನಗೆ ಒಂದೇ ಭಯ. ಬಿಜಲಿ ಸಾಯುತ್ತಾಳೆಂದಲ್ಲ. ಬಿಜಲಿ ಸತ್ತರೂ ನನಗೆ ಏನೂ ಅನ್ನಿಸದೇ ಹೋದರೆ? ಅವಳ ಹೆಣದ ಮುಂದೆಯೂ ನಾನು ಗಡಿಯಾರ ನೋಡಿದರೆ? ಆಗ ಆ ಬಂಧುಗಳು ಹೇಳಿದ್ದೇ ಖರೆ ಆಗುತ್ತದೆ.

* * *

ಎಕ್ಸ್‌ರೇ ಆಯಿತು. ಸಂಘಪಾಲ ಅದನ್ನು ಬೆಳಕಿಗೆ ಹಿಡಿದು ಹತ್ತಿರ ಕರೆದ.

“ಹಬ್ಬಿದ್ರ ಇಲ್ಲಿ ಬಿಳೀ ಜ್ವಾಳದ ಕಾಳು ಚೆಲ್ಲಿದಂಗ ಕಾಣಸ್ತದ. ಏನರ ಕಾಣಸ್ತದೇನು?”

“ಇಲ್ಲ.”

“ನನಗೂ ಇಲ್ಲ. ಮತ್ತ್ಯಾಕ ಮಾರಿ ಹಂಗ? ಖುಷಿ ಪಡ್ರಿ ಜರಾ.”

“ಪಡ್ತೇನಿ,” ಅಂದೆ, ಯಾರೋ ಮುಂದಿನ ಸ್ಟಾಪಿನಲ್ಲಿ ಇಳಿಯುತ್ತೇನೆ ಅಂದಂತೆ.

ಆಪರೇಷನ್ ದಿನ ಅತ್ತೆ ಹೊರಗಿನ ಬೆಂಚಿನ ಮೇಲೆ ಕೂತಿದ್ದಳು. ಒಳಗೆ ಹೋಗುವ ಮೊದಲು ಸಂಘಪಾಲ ತಾನೇ ಹೋಗಿ ಗಲ್ಲಿಯ ತುದಿಯಿಂದ ಮೂರು ಚಾ ತಂದ. ಅತ್ತೆ ಕಪ್ಪು ಹಿಡಿದುಕೊಂಡು ಕೇಳಿದಳು, ಎಲ್ಲರೂ ಕೇಳುವುದನ್ನೇ.

“ಯಾವೂರು ಸಾಹೇಬ್ರ?”

“ಎಕಂಬಾ ರೀ, ಔರಾದ ತಾಲೂಕು.”

“ಅಡ್ಡಹೆಸರು?”

“ಕಾಂಬಳೆ.”

ನಮ್ಮ ಕಡೆ ಕಾಂಬಳೆ ಅಂದರೆ ದಲಿತರು ಎಂದು ಎಲ್ಲರಿಗೂ ಗೊತ್ತು. ಅತ್ತೆಯ ಕೈ ತುಟಿಯ ಹತ್ತಿರ ನಿಂತಿತು. ಆತ ಅದನ್ನು ನೋಡಿದ. ಎಷ್ಟು ಸಲ ನೋಡಿರಬೇಕೋ. ಏನೂ ಆಗದವನಂತೆ ತನ್ನ ಚಾ ಮುಗಿಸಿ ಕೈ ತೊಳೆದುಕೊಂಡ. “ಕುಡೀರಿ ಅವ್ವಾ, ಆರ್ತದ,” ಎಂದು ಒಳಗೆ ಹೋದ. ಅತ್ತೆ ಕಪ್ಪನ್ನು ಬೆಂಚಿನ ಮೇಲೆ ಇಟ್ಟಳು.

ಬಹಳ ಹೊತ್ತಿನ ಮೇಲೆ ಬಾಗಿಲು ತೆರೆಯಿತು. ಆತನ ಹಣೆಯ ತುಂಬ ಬೆವರು. ಎರಡೂ ಕೈಯಲ್ಲಿ ಬಿಜಲಿಯನ್ನು ಎತ್ತಿಕೊಂಡು ಬಂದು, ತನ್ನದೇ ಶಾಲು ಹಾಸಿ ಮಲಗಿಸಿದ. ಮಗುವನ್ನು ಮಲಗಿಸುವವರೂ ಅಷ್ಟು ಹುಷಾರಿಯಿಂದ ಮಲಗಿಸುವುದಿಲ್ಲ. “ಉಸಿರು ಛಲೋ ಅದ,” ಅಂದ. ಅತ್ತೆ ಬಿಜಲಿಯನ್ನು ನೋಡಿದಳು, ಆತನನ್ನು ನೋಡಿದಳು, ಬೆಂಚಿನ ಮೇಲಿದ್ದ ತಣ್ಣಗಿನ ಚಾ ಎತ್ತಿ ಒಂದೇ ಉಸಿರಿಗೆ ಕುಡಿದಳು.

ಆತ ನನ್ನ ಕಡೆ ಒಂದು ಸಲ ನೋಡಿದ, ಅಷ್ಟೇ. ಕಣ್ಣಿನ ಅಂಚಿನಲ್ಲಿ ನಗುವಿತ್ತು.

ತಪಾಸಣೆಯ ಫಲ ಬಂದಾಗ ಕ್ಯಾನ್ಸರೇ ಎಂದು ಗೊತ್ತಾಯಿತು, ಆದರೆ ಪೂರ್ತಿ ಹೊರಗೆ ಬಂದಿತ್ತು. “ಮತ್ತ ಬರಬಹುದು, ಬರದೇನೂ ಇರಬಹುದು,” ಅಂದ ಸಂಘಪಾಲ. “ವಾರಕ್ಕೊಮ್ಮಿ ಕೈಯಾಡಿಸ್ರಿ. ಹೊಸಾ ಗಂಟು ಹತ್ತಿದ್ರ ಅದೇ ದಿನ ಬರ್ರಿ. ಗಂಟು ಸಣ್ಣದಿದ್ದಾಗ ಸಿಕ್ರ ನಾವು ಗೆದ್ದಂಗ.”

* * *

ಆಮೇಲೆ ಆತ ನನ್ನ ಬಸ್ಸಿಗೆ ಬರತೊಡಗಿದ.

ಊರಿನಲ್ಲಿ ಅವ್ವ ಕೇಶರಬಾಯಿ ಇದ್ದಾಳೆ, ವಾರಕ್ಕೊಮ್ಮೆ ನೋಡಿಕೊಂಡು ಬರಬೇಕು ಅಂದ. ಬೀದರಿನಲ್ಲಿ ಹತ್ತಿ, ಕಂಡಕ್ಟರ್ ಸೀಟಿನ ಮುಂದಿನ ಕಂಬ ಹಿಡಿದು ನಿಲ್ಲುವುದು, ಜಾಗ ಖಾಲಿ ಇದ್ದರೂ. ಹೆಬ್ಬೆರಳಿನ ಮೇಲೆ ಯಾವಾಗಲೂ ಅಯೋಡಿನ್ನಿನ ಕಂದು ಕಲೆ.

ಮೊದಲ ಸಲ ಜನವಾಡ ದಾಟಿದ್ದೆವು. ಬಸ್ಸಿನ ತುಂಬ ಹೆಣ್ಣುಮಕ್ಕಳು, ಎಲ್ಲರ ಆಧಾರ್ ನೋಡಿ ಶೂನ್ಯ ಟಿಕೆಟ್ ಹರಿದು ಹರಿದು ನನ್ನ ಕೈ ಸೋತಿತ್ತು. ಆತ ಅಷ್ಟು ಮಂದಿಯ ನಡುವೆ ದನಿ ಎತ್ತಿ ಕೇಳಿದ.

“ದಾನಮ್ಮಾ, ಈ ವಾರ ಕೈಯಾಡಿಸಿದ್ರೇನ್ರಿ?”

ಗದ್ದಲ ಗಪ್ಪನೆ ನಿಂತಿತು. ಮುಂದಿನ ಸೀಟಿನ ಮುದುಕಿ ಸೆರಗು ಬಾಯಿಗೆ ಹಿಡಿದು ಹೊರಳಿದಳು. “ಯಾರಿಗಿ ಕೈಯಾಡಿಸ್ಬೇಕವ್ವಾ?”

“ನಾಯಿಗಿ!” ಅಂತ ನಾನು ಒದರಿದೆ. “ನಾಯಿಗಿ ಯವ್ವಾ, ನಾಯಿ ಡಾಕ್ಟರ್ ಅದಾರ ಅವರು!”

ಇಡೀ ಬಸ್ಸು ನಕ್ಕಿತು. ಡ್ರೈವರ್ ಮಾಣಿಕ ಕನ್ನಡಿಯಲ್ಲಿ ನೋಡಿ ಮೀಸೆಯಲ್ಲೇ ನಕ್ಕ. ಸಂಘಪಾಲನ ಕಿವಿ ಕೆಂಪಾಗಿ, ಕೌಠಾ ಬರುವವರೆಗೂ ಕಿಟಕಿಯ ಹೊರಗೇ ನೋಡಿದ.

ಆದರೆ ಬಸ್ಸಿಗೆ ಸುದ್ದಿ ಹತ್ತಿತು. ಚಿಂತಾಕಿಯ ಹಾವಗೆಪ್ಪ ಎಂಬ ಗೃಹಸ್ಥ ಮುಂದಿನ ವಾರ ಅವನನ್ನೇ ಕಾದು ಹತ್ತಿದ. “ಸಾಹೇಬ್ರ, ನಮ್ಮ ಹೊಲದ ನಾಯಿಗಿ ಹಿಂದ ಹೂಕೋಸಿನಂಗ ಬೆಳದದ, ರಕ್ತ ಹನಿಸ್ತದ. ಮಂದಿ ಕಾಸಿ ಬರಿ ಹಾಕ್ಸು ಅಂತಾರ.”

“ಬ್ಯಾಡ್ರಿಪಾ! ಬರಿ ಹಾಕಿದ್ರ ಗಾಯ ಹೆಚ್ಚಾಗ್ತದ. ಅದು ಕೂಡೂ ಹೊತ್ತಿನ್ಯಾಗ ನಾಯಿಂದ ನಾಯಿಗಿ ಹತ್ತೋ ಗಡ್ಡಿ. ಬೀದಿ ನಾಯಿಗೋಳಿಗಿ ಭಾಳ. ವಾರಕ್ಕೊಂದರಂಗ ಇಂಜೆಕ್ಷನ್ ಕೊಟ್ರ ಹೆಚ್ಚಾಗಿ ಕರಗಿ ಹೋಗ್ತದ. ಕರ್ಕೊಂಡು ಬರ್ರಿ, ಹೆದರಬ್ಯಾಡ್ರಿ.”

ಕಲಿಸುವಾಗ ಆತನ ಮುಖ ಬೇರೆಯೇ ಆಗುತ್ತಿತ್ತು. ನಾನು ಟಿಕೆಟ್ ಹರಿಯುತ್ತ ಅದನ್ನು ಕದ್ದು ನೋಡುವುದನ್ನು ಕಲಿತೆ. ಆತ ನಾನು ನೋಡುವುದನ್ನು ಕದ್ದು ನೋಡುವುದನ್ನು ಕಲಿತ.

“ನಿಮ್ಮ ಸೀಟಿ ಕೇಳಿದ್ರ,” ಅಂದ ಒಮ್ಮೆ, ಸಂತಪುರದ ಹತ್ತಿರ, ಮೆಲ್ಲಗೆ, “ಬಸ್ಸಿಗಿಂತ ಮೊದಲ ನನಗ ಹೊರಡ್ಬೇಕು ಅನಸ್ತದ.”

“ಹೊರಡ್ರಿ ಹಂಗಾದ್ರ. ಹಿಂದಿನವರಿಗಿ ನಿಲ್ಲಾಕ ಜಾಗ ಆಗ್ತದ.”

“ಲಗ್ನ ಯಾಕ ಆಗಿಲ್ಲ ಅಂತ ಕೇಳಂಗಿಲ್ಲೇನ್ರಿ ನನಗ?”

“ನಾ ಯಾಕ ಕೇಳ್ಲಿ? ಟಿಕೆಟ್ ತಗೊಂಡೀರಿ, ಅಷ್ಟು ಸಾಕು ನನಗ.”

“ನಾಯಿ ಡಾಕ್ಟರ್ ಅಂದ್ರ ಹೆಣ್ಣು ಕೊಡಂಗಿಲ್ರಿ. ಮನಷ್ಯಾರ ಡಾಕ್ಟರ್ ಆಗಿದ್ರ ನೋಡ್ತಿದ್ವಿ ಅಂತಾರ.”

“ಖರೇನೇ ಅದ. ಮನಷ್ಯಾರು ಕಚ್ಚಿದ್ರ ಇಂಜೆಕ್ಷನ್ ಇಲ್ಲ, ಆ ಕೆಲಸ ದೊಡ್ಡದು,” ಅಂದೆ. ಆತ ನಕ್ಕ ನಗುವಿಗೆ ಮಾಣಿಕ ಮತ್ತೆ ಕನ್ನಡಿ ನೋಡಿದ.

ಆ ಸಂಜೆ ಭಾಲ್ಕಿಗೆ ಬಂದು ಹಿಶೇಬು ಕೊಟ್ಟು ಮನೆಗೆ ನಡೆಯುವಾಗ ಆ ನಗು ನೆನಪಾಯಿತು. ಖುಷಿಯಾಗಬೇಕಿತ್ತು. ಆಗಲಿಲ್ಲ. ಖುಷಿಯಾಗಬೇಕಿತ್ತು ಎಂಬುದು ಮಾತ್ರ ಗೊತ್ತಾಯಿತು. ಜೋಮು ಹಿಡಿದ ಕಾಲನ್ನು ಚಿವುಟಿದರೆ ಯಾರದೋ ಕಾಲು ಚಿವುಟಿದಂತೆ ಇರುತ್ತದಲ್ಲ, ಹಾಗೆ.

ಆದರೂ ಕೈಯಾಡಿಸುವುದನ್ನು ಬಿಡಲಿಲ್ಲ. ವಾರಕ್ಕೊಮ್ಮೆ ಅಂದದ್ದು ದಿನಾ ಆಯಿತು. ಸಂಜೆ ಕೋಟು ಬಿಚ್ಚಿ ಅಂಗಳದಲ್ಲಿ ಕೂತರೆ ಬಿಜಲಿ ತಾನೇ ಬಂದು ಮಗ್ಗಲು ಕೊಡುತ್ತಿದ್ದಳು. ಗದ್ದ, ಕಿವಿಯ ಹಿಂದೆ, ಕೊರಳು, ಕಂಕುಳು. ನನ್ನ ಕೈಯ ಮುಂದೆ ಇನ್ನೊಂದು ಕೈ ಹೋಗುತ್ತಿದೆ ಅನ್ನಿಸುತ್ತಿತ್ತು, ಹೆಬ್ಬೆರಳಿನ ಮೇಲೆ ಕಂದು ಕಲೆ ಇದ್ದದ್ದು. ಅತ್ತೆ ರೊಟ್ಟಿ ಬಡಿಯುತ್ತ ಒಳಗಿಂದ ನೋಡುತ್ತಿದ್ದಳು. ಒಂದು ದಿನ ಕೇಳಿದಳು.

“ನಿನ್ನಿ ಡಾಕ್ಟರ್ ಬಸ್ಸಿಗಿ ಬಂದಿದ್ನೇನು?”

“ಬಂದಿದ್ದ.”

“ಅದಕ್ಕೇ ನಿನ್ನಿ ಒಂದು ರೊಟ್ಟಿ ಜಾಸ್ತಿ ತಿಂದಿ,” ಅಂದಳು ಅತ್ತೆ. ಮತ್ತೊಂದು ಹಿಟ್ಟಿನ ಉಂಡೆ ಎತ್ತಿಕೊಂಡಳು.

* * *

ರಜೆಯ ದಿನ ಮುಂಜಾನೆ ಬಿಜಲಿಯ ಮೈ ತೊಳೆದು ಒರೆಸುತ್ತಿದ್ದೆ. ಎದೆಯ ಕೆಳಗೆ, ನಡುಮಧ್ಯ, ಬೆರಳಿಗೆ ಏನೋ ತಾಗಿತು. ಗಟ್ಟಿ. ಸರಿಯುವುದಿಲ್ಲ. ಮತ್ತೆ ಮುಟ್ಟಿದೆ. ಅಲ್ಲೇ ಇದೆ.

ಮೊದಲು ಕಿವಿಯಲ್ಲಿ ಗುಂಯ್ ಅಂದಿತು. ಆಮೇಲೆ ಮೈಯೆಲ್ಲ ಬಿಸಿಯಾಯಿತು. ಎಷ್ಟೋ ದಿನದಿಂದ ಹೀಗಾಗಿರಲಿಲ್ಲವಾದ್ದರಿಂದ, ಇದೇನು ನನಗೆ ಜ್ವರ ಬಂತೇನು ಎಂದುಕೊಂಡೆ. ಜ್ವರವಲ್ಲ, ಹೆದರಿಕೆ.

ಅತ್ತೆಗೆ ಹೇಳಲಿಲ್ಲ. ಒದ್ದೆ ನಾಯಿಯನ್ನು ಸೆರಗಿನಲ್ಲಿ ಅಪ್ಪಿಕೊಂಡು ಬಸ್‌ಸ್ಟ್ಯಾಂಡಿಗೆ ಓಡಿದೆ. ಬೀದರ ಬಸ್ಸಿನ ಕಂಡಕ್ಟರ್ ನನ್ನ ಗೆಳತಿ ರುಖ್ಸಾರ. “ಯಾಕ ದಾನಮ್ಮ? ಚಪ್ಪಲ್ ಎಲ್ಲಿ?” ಅಂದಳು. ಕೆಳಗೆ ನೋಡಿದೆ. ಬರಿಗಾಲು. ರುಖ್ಸಾರ ಒಂದು ಮಾತೂ ಹೆಚ್ಚು ಕೇಳದೆ ಮುಂದಿನ ಸೀಟು ಖಾಲಿ ಮಾಡಿಸಿದಳು. ಬೀದರದವರೆಗೂ ಬಿಜಲಿಯ ಎದೆಯ ಮೇಲಿನ ಕೈ ತೆಗೆಯಲಿಲ್ಲ. ಬ್ಯಾಡ, ಹೋಗಬ್ಯಾಡ, ನೀನೂ ಹೋಗಬ್ಯಾಡ, ಅಂತ ಬಾಯೊಳಗೇ ಅನ್ನುತ್ತಿದ್ದೆ.

ಕ್ಲಿನಿಕ್ಕಿನಲ್ಲಿ ಸಂಘಪಾಲ ನನ್ನ ಮುಖ ನೋಡಿದವನೇ ಎದ್ದು ನಿಂತ. “ಎಲ್ಲಿ?” ಅಂದ. ನಾನು ತೋರಿಸಿದೆ. ಆತನ ಕಣ್ಣು ಗೋಡೆಗೆ ಹೋಯಿತು, ಬೆರಳು ನಾನು ತೋರಿಸಿದಲ್ಲಿಗೆ ಹೋದವು. ಒತ್ತಿದ. ಅತ್ತಿತ್ತ ನೋಡಿದ. ಮತ್ತೆ ಒತ್ತಿದ. ಆಮೇಲೆ ಆತನ ಹೆಗಲು ಅಲುಗತೊಡಗಿತು.

ನಗುತ್ತಿದ್ದ.

“ನಗ್ತೀರಾ? ನಗ್ತೀರೇನ್ರಿ ನೀವು?”

“ದಾನಮ್ಮಾ, ಇದು ಗಂಟಲ್ರಿ. ಎದಿಮೂಳಿ ತುದಿ. ಹುಟ್ಟಾ ಬಂದದ್ದು. ಆಪರೇಷನ್ ಆದ ಮ್ಯಾಲ ಬಿಜಲಿ ಜರಾ ಸೊರಗ್ಯಾಳ, ಅದಕ್ಕ ಕೈಗಿ ಹತ್ತಲಕತ್ತದ. ಭಾಳ ಮಂದಿ ಇದಕ್ಕೇ ಹೆದರಿ ಓಡಿ ಬರ್ತಾರ. ಎಲ್ಲರಿಗೂ ಇರ್ತದ. ನಿಮಗೂ ಅದ, ನನಗೂ ಅದ. ಮುಟ್ಟಿ ನೋಡ್ಕೋರಿ.”

ನಾನು ಎರಡೂ ಪಕ್ಕೆಲುಬು ಕೂಡುವ ಕಡೆ ನನ್ನ ಬೆರಳಿಟ್ಟುಕೊಂಡೆ. ಇತ್ತು. ಅದೇ ಗಟ್ಟಿ, ಅದೇ ಜಾಗ. ಅದರ ಮೇಲೆ ಎದೆ ಡಬಡಬ ಬಡಿದುಕೊಳ್ಳುತ್ತಿತ್ತು.

ಅಳು ಬಂತು. ಎಲ್ಲಿತ್ತೋ, ಹೊಳೆ ಬಂದಂತೆ ಬಂತು. ನೆಲದ ಮೇಲೆ ಕುಸಿದು ಕೂತು, ಬಾಯಿ ಬಿಟ್ಟು, ಪಕ್ಕದ ಟೈಲರ್ ಮಷೀನು ನಿಲ್ಲಿಸುವಷ್ಟು ಜೋರಾಗಿ ಅತ್ತುಬಿಟ್ಟೆ. ಬಿಜಲಿಗಾಗಿ ಅತ್ತೆ. ಗೋಡೆಗೆ ಒರಗಿದ್ದ ನಂದಕುಮಾರನಿಗಾಗಿ, ಆರಿಹೋದ ಆ ಚಾಕ್ಕಾಗಿ, ಕಿಟಕಿಯಲ್ಲಿ ನಿಲ್ಲುವ ಅತ್ತೆಗಾಗಿ ಅತ್ತುಕೊಂಡೆ. ಅಳಬ್ಯಾಡ್ರಿ ಅಂತ ಸಂಘಪಾಲ ಅನ್ನಲಿಲ್ಲ. ಬಾಗಿಲಿಗೆ ‘ಬಂದ್’ ಬೋರ್ಡು ತಿರುಗಿಸಿ ಬಂದು, ನನ್ನ ಎದುರಿಗೆ ನೆಲದ ಮೇಲೆಯೇ ಕೂತ. ಬಿಜಲಿ ನಮ್ಮಿಬ್ಬರ ನಡುವೆ ಬಂದು ಮಲಗಿದಳು. ಅವಳ ಬೆನ್ನಿನ ಮೇಲೆ ನನ್ನ ಕೈ ಇತ್ತು. ಆತ ತನ್ನ ಕೈ ಅದರ ಮೇಲೆ ಇಟ್ಟ. ಬೆಚ್ಚಗಿತ್ತು.

“ಒಂದು ಮಾತು ಹೇಳ್ತೇನಿ, ಸಿಟ್ಟಾಗಬ್ಯಾಡ್ರಿ,” ಅಂದ ಎಷ್ಟೋ ಹೊತ್ತಿನ ಮೇಲೆ. “ನನಗ ವಾರವಾರ ಎಕಂಬಾಕ್ಕ ಹೋಗೋ ಕೆಲಸಿಲ್ರಿ. ತಿಂಗಳಿಗೊಮ್ಮಿ ಬಂದ್ರ ಅವ್ವಗ ಸಾಕು.”

“ಗೊತ್ತದ.” ಮೂಗು ಒರೆಸಿಕೊಂಡೆ. “ಔರಾದನ್ಯಾಗ ಇಳಿದು, ಚಾ ಅಂಗಡಿ ಹಿಂದ ನಿಂತು, ಮತ್ತ ನನ್ನ ಬಸ್ಸಿಗೇ ಹೊಳ್ಳಿ ಹತ್ತತಿದ್ರಿ. ಕಂಡಕ್ಟರಿಗಿ ಅಷ್ಟೂ ತಿಳೆಂಗಿಲ್ಲೇನ್ರಿ?”

“ಮತ್ತ ಒಂದಿನನೂ ಅನ್ಲಿಲ್ಲ?”

“ಅಂದ್ರ ನೀವು ಬರೋದು ಬಿಡ್ತಿದ್ರಿ.”

ಆತನ ಕೈ ನನ್ನ ಬೆರಳುಗಳನ್ನು ಹಿಡಿಯಿತು. “ನಾ ನಿಮ್ಮನಿಗಿ ಬಂದು ಕೇಳ್ಲೇನ್ರಿ?”

“ನಮ್ಮತ್ತಿಗಿ ಕೇಳ್ರಿ. ಆಕಿ ಬಿಟ್ಟು ನಾ ಎಲ್ಲಿಗೂ ಬರಂಗಿಲ್ಲ. ಆಕಿ ನಿಮ್ಮ ಅಡ್ಡಹೆಸರು ಕೇಳಿ ಕಪ್ಪು ಕೆಳಗಿಟ್ಟಿದ್ದು ನೀವೂ ನೋಡೀರಿ.”

“ಎತ್ತಿ ಕುಡಿದದ್ದೂ ನೋಡೀನಿ,” ಅಂದ ಸಂಘಪಾಲ.

* * *

ರವಿವಾರ ಮಧ್ಯಾಹ್ನ ಆತ ಭಾಲ್ಕಿಗೆ ಬಂದ. ಇಸ್ತ್ರಿ ಅಂಗಿ, ತೋಳಿನ ಗುಂಡಿ ಹಾಕಿದ್ದ. ಅತ್ತೆ ಗೋಡೆಗೆ ಬೆನ್ನು ಕೊಟ್ಟು ಕೂತಿದ್ದಳು, ತನ್ನ ಮಗ ಒರಗಿದ್ದ ಅದೇ ಗೋಡೆ. ಆತ ಚಾಪೆಯ ಮೇಲೆ ಕೂತು, ನಾನು ಎದುರಿಗಿಟ್ಟ ಚಾ ಮುಟ್ಟದೆ, ಸುತ್ತಿಬಳಸದೆ ಕೇಳಿದ.

ಅತ್ತೆ ಬಿಜಲಿಯ ಕಿವಿ ಸವರುತ್ತ ಕೂತಳು. ಓಣಿಯಲ್ಲಿ ಯಾರೋ ಗಾಡಿ ಚಾಲೂ ಮಾಡಿದರು, ಬಂದ್ ಮಾಡಿದರು. ಇಲ್ಲ ಅಂದರೆ ಏನಾಗುತ್ತದೆ ಎಂದು ನನಗೆ ಈಗ ಚೆನ್ನಾಗಿ ಗೊತ್ತಿತ್ತು, ನೋವಾಗುತ್ತದೆ. ಅತ್ತೆ ಎದ್ದು ಒಳಗೆ ಹೋದಳು. ಪೆಟ್ಟಿಗೆ ತೆರೆದ ಸದ್ದು ಕೇಳಿತು. ಆತ ನನ್ನನ್ನು ನೋಡಿದ, ನಾನು ನೆಲ ನೋಡಿದೆ.

ಹೊರಗೆ ಬಂದ ಅತ್ತೆಯ ಕೈಯಲ್ಲಿ ಮೊರ ಇತ್ತು. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣ ಬೇರು. ಮೇಲೆ ಅದೇ ಹಸಿರು ಖಣ, ಒಗೆದು ಮಡಚಿದ್ದು.

“ಸೆರಗು ಒಡ್ಡು,” ಅಂದಳು.

“ಅತ್ತಿ, ನೀ ಉಡಿ ತುಂಬ್ತಿ? ನನಗ? ಮಂದಿ ಏನಂತಾರ?”

“ನಾಯಿಗಿ ತುಂಬಿದ ಕೈ ಅದ ಇದು. ಸೊಸಿಗಿ ತುಂಬ್ಲಾಕ ಹೆದರ್ತದೇನು?” ಅತ್ತೆಯ ದನಿ ಗಟ್ಟಿಯಾಗಿತ್ತು. “ಮಂದಿ ಬಿಜಲಿ ಕುಬಸಕ್ಕೂ ಬಂದಿಲ್ಲ, ಇದಕ್ಕೂ ಬರೋದು ಬ್ಯಾಡ. ಒಡ್ಡು.”

ನಾನು ಸೆರಗು ಒಡ್ಡಿದೆ. ಅತ್ತೆ ಬೊಗಸೆ ತುಂಬಿ ಅಕ್ಕಿ ಹಾಕಿದಳು. ಆಮೇಲೆ ಆತನ ಕಡೆ ಹೊರಳಿ, “ಎದ್ರಿಗಿ ಇಟ್ಟದ್ದು ಚಾ ಅದರಿ ಸಾಹೇಬ್ರ, ಆರಸಬ್ಯಾಡ್ರಿ. ಆರಿದ ಚಾ ಹ್ಯಾಂಗಿರ್ತದ ನನಗ ಗೊತ್ತದ,” ಅಂದಳು. ಆತ ಕಪ್ಪೆತ್ತಿ ಕುಡಿಯಲು ಹೋಗಿ ನಗು ತಡೆಯದೆ ಅಂಗಿಯ ಮೇಲೆ ಚೆಲ್ಲಿಕೊಂಡ. ಆ ಗದ್ದಲದಲ್ಲಿ ಬಿಜಲಿ ಮೊರಕ್ಕೆ ಬಾಯಿ ಹಾಕಿ ಒಂದು ಕೊಬ್ಬರಿ ಬಟ್ಟಲು ಕಚ್ಚಿಕೊಂಡು ಅಂಗಳಕ್ಕೆ ಓಡಿದಳು, ಅತ್ತೆ ಬೈಯುತ್ತ ಅವಳ ಹಿಂದೆ ಹೋದಳು.

ನಾನು ಸೆರಗು ಹಿಡಿದು ನಿಂತೇ ಇದ್ದೆ. ಅಕ್ಕಿ ಭಾರವಾಗಿತ್ತು. ಪೆಟ್ಟಿಗೆಯ ಪಕ್ಕ ಮಣ್ಣಿನ ಗಡಿಗೆಯಲ್ಲಿದ್ದ ಅಕ್ಕಿ, ಬಟ್ಟೆ ದಾಟಿ ಹೊಟ್ಟೆಗೆ ತಣ್ಣಗೆ ತಾಗುತ್ತಿತ್ತು. ನನಗೆ ಗೊತ್ತಾಗುತ್ತಿತ್ತು.